ನಾಲಗೆಯಡಿಯ ಹತ್ತು ನಿಮಿಷ

ಇಸ್ತ್ರಿಯಮ್ಮ ಮೊದಲ ಸಲ ಆ ಕೋಣೆಗೆ ಬಂದದ್ದು ಬೈಯುತ್ತಲೇ. ಅದು ಮಂಗಳವಾರ. ಎಂಟು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು, ಆಯಾ ನೆಲ ಒರೆಸಿ ಮುಗಿಸಿರಲಿಲ್ಲ. ಒದ್ದೆ ನೆಲದ ಮೇಲೆ ಚಪ್ಪಲಿ ಗುರುತು ಮೂಡಿಸುತ್ತಾ ಬಂದವಳು, ತನಗಿಂತ ಒಂದು ಮೊಳ ಎತ್ತರವಿದ್ದ ಮಗನನ್ನು ಮೊಣಕೈ ಹಿಡಿದು ಎಳೆದು ತಂದು ಬೆಂಚಿನ ಮೇಲೆ ಕೂರಿಸಿದಳು. ಕೂರಿಸಿದ್ದಲ್ಲ, ಬಟ್ಟೆಗಂಟು ಇಳಿಸಿದ ಹಾಗೆ ಇಳಿಸಿದಳು.

ಮಗನಿಗೆ ಇಪ್ಪತ್ತಾರು ವರ್ಷ. ಕಿಟಕಿಗೆ, ಅಂಗಡಿಯ ಮುಂಭಾಗಕ್ಕೆ ಗಾಜು ಕೂರಿಸುವುದು ಅವನ ಕೆಲಸ. ಏಣಿಯಿಂದ ಬಿದ್ದು ಸೊಂಟ ಮುರಿದಿತ್ತು. ನೋವಿಗೆ ಕೊಟ್ಟ ಮಾತ್ರೆ ನೋವು ಹೋದ ಮೇಲೂ ಬಿಡಲಿಲ್ಲ. ಮಾತ್ರೆ ಸಿಗದಾದಾಗ ಅಮಲಿನ ಪುಡಿ ಹಿಡಿಯಿತು. ಆ ದಿನ ಅವನು ಮೂಗು ಸುರಿಸುತ್ತಾ, ಆಕಳಿಸುತ್ತಾ, ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಡುಗುತ್ತಿದ್ದ.

ಒಳಗಿನಿಂದ ಸಿಸ್ಟರ್ ಬಂದು, ಕೊನೆಯ ಸಲ ಪುಡಿ ತಗೊಂಡದ್ದು ಎಷ್ಟು ಹೊತ್ತಿಗೆ ಎಂದು ಕೇಳಿದರು. ಅವನು ಹೇಳಿದ. ಸಿಸ್ಟರ್ ಗಡಿಯಾರ ನೋಡಿದರು.

"ಇನ್ನೂ ನಾಲ್ಕು ಗಂಟೆ ಕಾಯ್ಬೇಕು."

"ಏನು?" ಇಸ್ತ್ರಿಯಮ್ಮ ಎದ್ದೇ ನಿಂತಳು. "ಸಾಯೋ ಮಗನ್ನ ಕರ್ಕೊಂಡು ಬಂದ್ರೆ ಕೂತ್ಕೋ ಅಂತೀರಾ? ಇದೇನು ಬಸ್ ಸ್ಟಾಂಡಾ?"

"ಕೇಳಮ್ಮ ಇಲ್ಲಿ. ಒಳಗೆ ಪುಡಿ ಇನ್ನೂ ಇರುವಾಗ ಈ ಮಾತ್ರೆ ಕೊಟ್ರೆ, ಇದು ಹೋಗಿ ಅದನ್ನ ಒಂದೇ ಸಲಕ್ಕೆ ಒದ್ದು ಓಡಿಸುತ್ತೆ. ಈಗಿರೋ ಬಾಧೆ ಹತ್ತರಷ್ಟಾಗುತ್ತೆ. ಮೈ ತಾನಾಗೇ ಕೇಳೋ ತನಕ ಕಾಯ್ಬೇಕು."

"ಕೇಳ್ತಾ ಇದೆಯಲ್ಲ ಕೂಗಿಕೊಂಡು! ನಿಮಗೆ ಕಿವಿ ಇಲ್ಲ ಅಷ್ಟೇ!"

ಆಯಾ ಒರೆಸುವ ಬಟ್ಟೆ ಹಿಂಡುತ್ತಾ ಇಷ್ಟನ್ನೂ ನೋಡಿದಳು. ಹೀಗೆ ಬೈಯುವವರು ಅವಳಿಗೆ ಹೊಸಬರಲ್ಲ. ನಡುಗುವವರೂ ಹೊಸಬರಲ್ಲ.

ಆಸ್ಪತ್ರೆಯ ಹಿಂಬದಿಯಲ್ಲಿ, ಹಳೆಯ ಹಾಸಿಗೆಗಳನ್ನು ಪೇರಿಸಿಟ್ಟ ಉಗ್ರಾಣದ ಪಕ್ಕದಲ್ಲಿ ಆ ಕೋಣೆ. ಹೊರಗೆ ಒಂದು ಬೆಂಚು, ಒಳಗೆ ನಾಲ್ಕು ಕುರ್ಚಿ, ಒಂದು ಕೈ ತೊಳೆಯುವ ತೊಟ್ಟಿ, ಗೋಡೆಗೊಂದು ಗಡಿಯಾರ, ನಡುವೆ ಗಾಜಿನ ಬಾಗಿಲು. ಬಾಗಿಲ ಮೇಲಿನ ಫಲಕದಲ್ಲಿ ಉದ್ದದ ಹೆಸರಿತ್ತು. ಆಯಾ ಅದನ್ನು ಓದಲಾರಳು. ಅಂಕಿ ಬರುತ್ತಿತ್ತು, ತನ್ನ ರುಜು ಬರುತ್ತಿತ್ತು, ಉಳಿದದ್ದು ಕೂಡಿಸಿ ಕೂಡಿಸಿ ಓದಬೇಕು. ಬರುವವರೆಲ್ಲ ಅದನ್ನು ನಾಲಗೆ ಕೋಣೆ ಎನ್ನುತ್ತಿದ್ದರು. ಪುಡಿಗೋ ನೋವಿನ ಮಾತ್ರೆಗೋ ಸಿಕ್ಕಿಬಿದ್ದವರು ಬೆಳಿಗ್ಗೆ ಬರಬೇಕು, ಒಂದು ಗುಟುಕು ನೀರಲ್ಲಿ ಬಾಯಿ ಒದ್ದೆ ಮಾಡಿಕೊಳ್ಳಬೇಕು. ಸಿಸ್ಟರ್ ಕೊಟ್ಟ ಮಾತ್ರೆಯನ್ನು ನಾಲಗೆಯ ಕೆಳಗೆ ಇಟ್ಟುಕೊಂಡು ಅದು ಪೂರಾ ಕರಗುವ ತನಕ ಸುಮ್ಮನೆ ಕೂರಬೇಕು. ನುಂಗುವಂತಿಲ್ಲ, ಮಾತಾಡುವಂತಿಲ್ಲ. ನುಂಗಿದರೆ ಹೊಟ್ಟೆಗೆ ಹೋಗಿ ದಂಡ. ಗುಡಿಸಿ ಒರೆಸಿದ ಮೇಲೆ ಆಯಾಳ ಕೆಲಸ ಅವರ ಪಕ್ಕ ಕೂರುವುದು. ಗಡಿಯಾರದ ದೊಡ್ಡ ಮುಳ್ಳು ಎರಡು ಅಂಕಿ ದಾಟಿದ ಮೇಲೆ "ನಾಲಗೆ ಎತ್ತು" ಎನ್ನುವಳು. ಬಿಳಿ ಚೂರೊಂದು ಉಳಿದಿದ್ದರೂ ಇನ್ನೊಂದು ಅಂಕಿ ಕೂರಿಸುವಳು. ಆರು ವರ್ಷದಲ್ಲಿ ಅವಳ ಕಣ್ತಪ್ಪಿಸಿ ಮಾತ್ರೆಯನ್ನು ದವಡೆಯಲ್ಲಿಟ್ಟು ಹೊರಗೆ ಒಯ್ದವರು ಇಬ್ಬರೇ, ಆ ಇಬ್ಬರೂ ಅವಳಿಗೆ ನೆನಪಿದ್ದರು.

ಆಯಾಳಿಗೂ ಒಬ್ಬ ಮಗನಿದ್ದ. ಅವನನ್ನು ಇದೇ ಪುಡಿ ತಿಂದಿತ್ತು. ಆಗ ಈ ಕೋಣೆ ಇರಲಿಲ್ಲ. ಇದ್ದಿದ್ದರೂ ಅವಳಿಗೆ ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ ಜ್ವರ ಬಂದು ಹೋದ ಎಂದೇ ಹೇಳಿದ್ದಳು. ಗಂಡನೂ ಅದೇ ಮಾತು ಹೇಳುತ್ತಾ ಹೇಳುತ್ತಾ ಮುಂದಿನ ವರ್ಷ ತೀರಿಕೊಂಡ.

ಹನ್ನೆರಡು ದಾಟಿದ ಮೇಲೆ ಸಿಸ್ಟರ್ ಗಾಜಿನವನಿಗೆ ಮೊದಲ ಮಾತ್ರೆ ಕೊಟ್ಟರು. ಆಯಾ ಪಕ್ಕ ಕೂತಳು. ಮುಳ್ಳು ಎರಡು ಅಂಕಿ ದಾಟಿತು. ಇನ್ನರ್ಧ ಗಂಟೆಗೆ ಅವನ ಕಾಲು ಅದುರುವುದು ನಿಂತಿತು, ಮೂಗು ಒಣಗಿತು, ತಲೆ ಗೋಡೆಗೆ ಆನಿತು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, "ಅಮ್ಮಾ, ಹಸಿವಾಗ್ತಿದೆ," ಎಂದ.

"ಹಸಿವಂತೆ ಹಸಿವು!" ಎಂದು ಇಸ್ತ್ರಿಯಮ್ಮ ರೇಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಾಲ್ಕು ದಿನದಿಂದ ನೀರೂ ಕುಡೀದೋನಿಗೆ ಈಗ ಹಸಿವು. ನಡಿ."

ಆ ಒಂದು ಮಾತಿಗೆ ಆಯಾಳ ಹೊಟ್ಟೆಯೊಳಗೆ ಯಾರೋ ಕೆಂಡ ಇಟ್ಟಂತಾಯಿತು. ನೂರು ಜನರ ಪಕ್ಕ ಕೂತಿದ್ದಳು, ಹೀಗೆ ಆಗಿರಲಿಲ್ಲ. ಅವರಲ್ಲಿ ಎಷ್ಟೋ ಜನ ಒಂಟಿಯಾಗಿ ಬರುತ್ತಿದ್ದರು, ಕೆಲವರನ್ನು ಹೆಂಡತಿ ಕರೆತರುತ್ತಿದ್ದಳು. ಮಗನ ಮೊಣಕೈ ಹಿಡಿದು ಎಳೆದು ತಂದ ತಾಯಿಯನ್ನು ಅವಳು ನೋಡಿದ್ದು ಅದೇ ಮೊದಲು.

ಇಸ್ತ್ರಿಯಮ್ಮನ ಅಂಗಡಿ ಒಂದು ಮಾಳಿಗೆ ಮನೆಯ ಮೆಟ್ಟಿಲಿನ ಕೆಳಗಿತ್ತು. ಮೇಜಿನ ಮೇಲೆ ಮಡಚಿ ಹಾಸಿದ ಕಂಬಳಿ, ಅದರ ಮೇಲೆ ಸುಟ್ಟ ಕಲೆಗಳಿದ್ದ ಬಿಳಿ ಬಟ್ಟೆ, ಪಕ್ಕದಲ್ಲಿ ನೀರಿನ ತಂಬಿಗೆ. ಇಸ್ತ್ರಿಪೆಟ್ಟಿಗೆ ಆರು ಕಿಲೋ ತೂಗುತ್ತಿತ್ತು. ಗಂಡ ಬಿಟ್ಟುಹೋದ ಇಪ್ಪತ್ತು ವರ್ಷದಿಂದ ಅದನ್ನೇ ಎತ್ತಿ ಇಳಿಸಿ ಅವಳ ಬಲಭುಜ ಎಡಕ್ಕಿಂತ ಕೆಳಗೆ ಜಾರಿತ್ತು. ಕಾವು ನೋಡಲು ಬೆರಳು ಒದ್ದೆ ಮಾಡಿ ಮುಟ್ಟಿಸುವಳು. ಆ 'ಚುಯ್' ಎಂಬ ಸದ್ದಿನ ಉದ್ದ ಕೇಳಿಯೇ ರೇಷ್ಮೆಗೋ ಹತ್ತಿಗೋ ಎಂದು ತೀರ್ಮಾನಿಸುವಳು. ಮನುಷ್ಯರನ್ನೂ ಹಾಗೆಯೇ. "ಮುಖ ನೋಡಿ ಮೋಸ ಹೋಗ್ಬಹುದು ಕಣಮ್ಮ, ಕಾಲರ್ ನೋಡಿ ಹೋಗಲ್ಲ," ಎನ್ನುವಳು. "ಡಾಕ್ಟರ್ ಕಾಲರ್ ನೋಡು, ಮನೇಲಿ ಯಾರೂ ಹೇಳೋರು ಕೇಳೋರು ಇಲ್ಲ ಪಾಪ."

ಬೀದಿಯವರಿಗೆಲ್ಲ ಮಗನ ಬೆನ್ನಿಗೆ ಇಂಜೆಕ್ಷನ್ ಎಂದು ಹೇಳಿಟ್ಟಿದ್ದಳು. ದಿನಾ ಇಂಜೆಕ್ಷನ್ನಾ ಎಂದು ಒಬ್ಬಳು ಕೇಳಿದ್ದಕ್ಕೆ, "ನಿಂಗೇನು, ಚುಚ್ಚೋದು ಅವನ ಬೆನ್ನಿಗೆ," ಎಂದಿದ್ದಳಂತೆ.

ಮೊದಲ ಎರಡು ತಿಂಗಳು ದಿನವೂ ಮಗನ ಜೊತೆ ಬಂದಳು. ಅವನ ಬಾಯಿ ಮುಚ್ಚಿರುವಷ್ಟು ಹೊತ್ತೂ ಇವಳ ಬಾಯಿ ತೆರೆದಿರುತ್ತಿತ್ತು. ಆಗ ಅವಳೂ ಒಳಗೇ ಬಂದು ನಿಲ್ಲುತ್ತಿದ್ದಳು, ಯಾರೂ ಬೇಡ ಎಂದಿರಲಿಲ್ಲ.

"ಮೂರು ದಿನ ಆಯ್ತು ಸಿಸ್ಟರ್, ಇವನು ಸಂಡಾಸಿಗೇ ಹೋಗಿಲ್ಲ!"

ನಾಲಗೆಯಡಿ ಮಾತ್ರೆ ಇಟ್ಟುಕೊಂಡ ಮಗ ಕಣ್ಣಲ್ಲೇ ಬೇಡಿಕೊಂಡ. ಉಳಿದ ಮೂರು ಕುರ್ಚಿಯವರು ನಗು ತಡೆಯಲಾರದೆ ಮೂಗಿನಿಂದ ಸದ್ದು ಮಾಡಿದರು.

"ನಗ್ಬೇಡಿ, ಮಾತ್ರೆ ಹೊಟ್ಟೆಗೆ ಹೋಗುತ್ತೆ," ಎಂದಳು ಆಯಾ.

"ಈ ಮಾತ್ರೆಗೆ ಹಾಗಾಗುತ್ತಮ್ಮ," ಎಂದರು ಸಿಸ್ಟರ್. "ನೀರು ಜಾಸ್ತಿ ಕುಡೀಲಿ, ಸೊಪ್ಪು ಹಣ್ಣು ತಿನ್ಲಿ, ನಡೀಲಿ. ಬೆವರೂ ಜಾಸ್ತಿ ಬರುತ್ತೆ, ಮೊದಮೊದಲು ತಲೆನೋವು, ತೂಕಡಿಕೆ ಇರುತ್ತೆ. ಹೆದರ್ಬೇಡಿ. ಆದ್ರೆ ಕುಡಿತ ಬೇಡ, ನಿದ್ದೆ ಮಾತ್ರೆ ಬೇಡ. ಇದರ ಜೊತೆ ಅವು ಸೇರಿದ್ರೆ ಉಸಿರೇ ನಿಲ್ಲಬಹುದು."

"ಬೆವರಾ? ದಿನಕ್ಕೆ ಎರಡು ಶರ್ಟು! ಊರವರ ಬಟ್ಟೆ ಇಸ್ತ್ರಿ ಮಾಡ್ಲೋ ಇವನ ಬಟ್ಟೆ ಒಗೀಲೋ?"

ಆಯಾ ಗಡಿಯಾರದ ಕಡೆ ಮುಖ ತಿರುಗಿಸಿದಳು. ಬೆವರುವ ಮಗ, ತೂಕಡಿಸುವ ಮಗ, ಸಂಡಾಸಿಗೆ ಹೋಗದ ಮಗ. ಈ ಹೆಂಗಸಿಗೆ ದೇವರು ಇಷ್ಟೆಲ್ಲ ಕೊಟ್ಟಿದ್ದಾನೆ, ಇವಳು ಅದನ್ನು ದೂರು ಎನ್ನುತ್ತಾಳೆ. ತನಗಾದರೆ ದಿನಕ್ಕೆ ಹತ್ತು ಶರ್ಟು ಒಗೆಯುವ ಭಾಗ್ಯ ಬರಲಿ, ಒಗೆದೇನು. ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಅವಳ ನಾಲಗೆ ತುದಿಗೆ ಬಂತು. ನುಂಗಿಕೊಂಡಳು.

ಒಂದು ದಿನ ಇಸ್ತ್ರಿಯಮ್ಮ ಡಾಕ್ಟರನ್ನೇ ಹಿಡಿದು ನಿಲ್ಲಿಸಿದಳು. "ಇದು ಮುಗಿಯೋದು ಯಾವಾಗ?"

"ಒಂದು ವರ್ಷ ಆಗ್ಬಹುದು, ಎರಡಾಗ್ಬಹುದು, ಇನ್ನೂ ಜಾಸ್ತಿ ಆಗ್ಬಹುದು. ಸಕ್ಕರೆ ಕಾಯಿಲೆಯವರನ್ನ ಯಾವಾಗ ಮುಗಿಯುತ್ತೆ ಅಂತ ಯಾರಾದ್ರೂ ಕೇಳ್ತಾರಾ? ಕೆಲಸಕ್ಕೆ ಹೋಗ್ತಿದ್ದಾನೆ, ಊಟ ಮಾಡ್ತಿದ್ದಾನೆ. ನಿಲ್ಲಿಸೋ ಕಾಲ ಬಂದಾಗ ನಿಧಾನಕ್ಕೆ, ನಾವೂ ಅವನೂ ಕೂತು ಮಾತಾಡಿ ಇಳಿಸೋಣ."

"ಅಂದ್ರೆ ಹಾವು ಬಿಡಿಸಿ ಹಗ್ಗ ಕಟ್ಟಿದ್ರಿ."

"ಹಗ್ಗ ಕಚ್ಚಲ್ಲ ತಾಯಿ," ಎಂದು ಡಾಕ್ಟರು ನಡೆದುಬಿಟ್ಟರು.

ಇಸ್ತ್ರಿಯಮ್ಮನಿಗೆ ಆ ಮಾತು ಹಿಡಿಸಲಿಲ್ಲ.

ಮೂರನೆಯ ತಿಂಗಳಿಗೆ ಗಾಜಿನವನು ಪೂರ್ತಿ ಕೆಲಸಕ್ಕೆ ಹೋಗತೊಡಗಿದ. ಆಗ ವಾರದ ಮಾತ್ರೆಯನ್ನು ಮನೆಗೇ ಕೊಡುವುದೆಂದಾಯಿತು. ಬೀಗವಿರುವ ಡಬ್ಬಿ, ಬೀಗದಕೈ ತಾಯಿಯ ಬಳಿ, ದಿನಕ್ಕೆ ಎರಡು ಮಾತ್ರೆ ಅವಳ ಕಣ್ಣೆದುರಿಗೇ. ಮಗ ತಿಂಗಳಿಗೊಮ್ಮೆ ಬಂದು ಡಾಕ್ಟರಿಗೆ ಮುಖ ತೋರಿಸಿದರೆ ಸಾಕು. ಪ್ರತಿ ಮಂಗಳವಾರ ಇಸ್ತ್ರಿಯಮ್ಮ ಒಬ್ಬಳೇ ಬಂದು ಡಬ್ಬಿ ತುಂಬಿಸಿಕೊಂಡು ಹೋಗುವಳು.

ಅಂಥದೊಂದು ಮಂಗಳವಾರ ಬೆಂಚಿನ ಮೇಲೆ ಆಯಾಳ ಕಿವಿಯ ಹತ್ತಿರ ಬಂದಳು. "ಯಾರಿಗೂ ಹೇಳ್ಬೇಡ. ನಾನೇ ಇಳಿಸ್ತಾ ಇದ್ದೀನಿ."

"ಏನನ್ನ?"

"ಮಾತ್ರೇನ. ಮೊದಲ ವಾರ ಎರಡರ ಬದಲು ಒಂದೂವರೆ. ಗುಂಡಿ ದಾರ ಕತ್ತರಿಸೋ ಬ್ಲೇಡಲ್ಲಿ ಎರಡು ಹೋಳು ಮಾಡ್ತೀನಿ, ನೀಟಾಗಿ. ಈ ವಾರದಿಂದ ಒಂದೇ. ಡಾಕ್ಟರೇ ಕಡಿಮೆ ಮಾಡಿದ್ದಾರೆ ಅಂತ ಅವನಿಗೆ ಹೇಳಿದ್ದೀನಿ, ನಂಬಿದ್ದಾನೆ. ಇಪ್ಪತ್ತು ವರ್ಷದಿಂದ ಇಸ್ತ್ರಿಪೆಟ್ಟಿಗೆ ಕಾವು ಏರಿಸಿ ಇಳಿಸ್ತಾ ಇರೋಳು ನಾನು, ನನಗೆ ಕಾವು ಇಳಿಸೋದು ಇವರು ಕಲಿಸ್ಬೇಕಾ? ಮುಂದಿನ ತಿಂಗಳು ಡಾಕ್ಟರ್ ಮುಂದೆ ನಿಲ್ಲಿಸಿ, ನೋಡಿ ನನ್ನ ಮಗ ಬಿಟ್ಟ, ಅಂತೀನಿ."

ಆಯಾ ಬಾಯಿ ತೆರೆದಳು. ಒಳಗೆ ಸಿಸ್ಟರ್ ಇದ್ದರು, ಹತ್ತು ಹೆಜ್ಜೆ. ಒಂದು ಮಾತು ಸಾಕಿತ್ತು.

"ಹೌದಾ," ಎಂದಳು. ಬಕೆಟ್ ಎತ್ತಿಕೊಂಡು ಹೋದಳು.

ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ, ಶನಿವಾರ. ಐದು ದಿನ. ಈ ಐದು ದಿನವನ್ನು ಆಯಾ ಆಮೇಲೆ ಎಷ್ಟು ಸಲ ಎಣಿಸಿದರೂ ಐದೇ ಬಂತು. ಆಗುವುದೇನೆಂದು ಅವಳಿಗೆ ಗೊತ್ತಿತ್ತು, ಆ ಕೋಣೆಯಲ್ಲಿ ಅವಳಷ್ಟು ಗೊತ್ತಿದ್ದವರು ಇನ್ನೊಬ್ಬರಿರಲಿಲ್ಲ. ಆದರೂ ನೆಲ ಒರೆಸಿದಳು, ಪಕ್ಕ ಕೂತಳು, ನಾಲಗೆ ಎತ್ತಿಸಿದಳು. ಬಾಯಿ ಮಾತ್ರ ಬಿಡಲಿಲ್ಲ. ಇವಳಿಗೆ ಹೇಳಿ ತಾನೇಕೆ ಕೆಟ್ಟವಳಾಗಬೇಕು ಎಂದುಕೊಂಡಳು ಬುಧವಾರ. ಡಾಕ್ಟರೇ ಕಂಡುಹಿಡಿಯಲಿ ಎಂದುಕೊಂಡಳು ಗುರುವಾರ. ಶನಿವಾರ ಪೊರಕೆ ಹಿಡಿದು ಉಗ್ರಾಣದ ಮುಂದೆ ನಿಂತಿದ್ದಾಗ ಅವಳ ಮನಸ್ಸು ತಾನಾಗಿ ಒಂದು ಮಾತಾಡಿತು: ಅವಳಿಗೂ ಗೊತ್ತಾಗಲಿ.

ಆ ಮಾತು ಕೇಳಿ ಆಯಾ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಗೊತ್ತಾಗಲಿ ಎಂದರೆ ಏನು ಗೊತ್ತಾಗಲಿ? ಯಾವುದನ್ನು ಕಂಡು ಗೊತ್ತಾಗಲಿ?

ಭಾನುವಾರ ಬೆಳಗಿನ ಕೆಲಸ ಮುಗಿಸಿ, ಕೇಳಿಕೊಂಡು ಕೇಳಿಕೊಂಡು ಆ ಮೆಟ್ಟಿಲ ಕೆಳಗಿನ ಅಂಗಡಿಗೆ ಹೋದಳು.

ಗಾಜಿನವನು ಬಟ್ಟೆಗಂಟಿನ ಮೇಲೆ ಕೂತು ಬೂಟು ಕಟ್ಟಿಕೊಳ್ಳುತ್ತಿದ್ದ. ಬಿಸಿಲಿತ್ತು, ಆದರೆ ಅವನ ಮುಂಗೈಯ ರೋಮವೆಲ್ಲ ನಿಗುರಿ ನಿಂತಿತ್ತು. ಕಣ್ಣಲ್ಲಿ ನೀರು. ಒಂದರ ಹಿಂದೊಂದು ಆಕಳಿಕೆ.

"ನೆಗಡಿ ಆಯಮ್ಮ," ಎಂದ, ಕೇಳುವ ಮೊದಲೇ.

"ಎಲ್ಲಿಗೆ ಹೊರಟೆ?"

"ಹಳೇ ಸ್ನೇಹಿತ ಫೋನ್ ಮಾಡಿದ್ದ. ಸುಮ್ನೆ ಹೋಗಿ ಬರ್ತೀನಿ."

ಇಸ್ತ್ರಿಯಮ್ಮ ಪೆಟ್ಟಿಗೆಯನ್ನು ನಿಲ್ಲಿಸಿ ಸಂಭ್ರಮದಿಂದ ಈಚೆ ಬಂದಳು. "ಬಂದ್ಯಾ! ನೋಡು, ಒಂದೇ ಮಾತ್ರೆಗೆ ಬಂದಿದ್ದಾನೆ, ನೆಗಡಿ ಬಿಟ್ರೆ ಏನೂ ಇಲ್ಲ."

"ನೆಗಡಿ ಅಲ್ಲ," ಎಂದಳು ಆಯಾ. ಅವಳ ಧ್ವನಿ ಅವಳಿಗೇ ಹೊಸದಾಗಿತ್ತು. "ಮಗಾ, ನಿನ್ನ ಮಾತ್ರೆ ಡಾಕ್ಟರು ಕಡಿಮೆ ಮಾಡಿಲ್ಲ. ನಿಮ್ಮಮ್ಮ ಮಾಡಿದ್ದು."

ಅವನು ಬೂಟಿನ ದಾರ ಬಿಟ್ಟು ತಾಯಿಯ ಮುಖ ನೋಡಿದ. ಇಸ್ತ್ರಿಯಮ್ಮನ ಮುಖ ಕೆಂಪಾಯಿತು.

"ನಂಬಿ ಹೇಳಿದ್ದಕ್ಕೆ ಮನೆ ಬಾಗಿಲಿಗೆ ಬಂದು ಬೆಂಕಿ ಹಾಕ್ತೀಯಾ? ನನ್ನ ಮಗ ಬಿಡ್ತಾನೆ ಅಂತ ನಿಂಗೆ ಹೊಟ್ಟೆಕಿಚ್ಚು! ಮೊದಲ ದಿನದಿಂದ ನೋಡ್ತಿದ್ದೀನಿ, ಇವನನ್ನ ನೋಡುವಾಗ ನಿನ್ನ ಕಣ್ಣು ಸರಿ ಇಲ್ಲ."

"ಹೌದು," ಎಂದಳು ಆಯಾ. "ಹೊಟ್ಟೆಕಿಚ್ಚೇ. ನಿನ್ನ ಮಗ ಹಸಿವು ಅಂದ ದಿನದಿಂದ ಉರೀತಾ ಇದೆ. ನೀನು ಮಂಗಳವಾರ ಹೇಳಿದೆ, ಇವತ್ತು ಭಾನುವಾರ. ಐದು ದಿನ ಸುಮ್ಮನಿದ್ದೆ, ಅದೂ ಅದಕ್ಕೇ. ಈಗ ಕೇಳು. ನನ್ನ ಮಗ ಜ್ವರ ಬಂದು ಸಾಯ್ಲಿಲ್ಲ. ನಾನೂ ನಮ್ಮನೆಯವರೂ ಸೇರಿ ಅವನನ್ನ ಕೋಣೇಲಿ ಕೂಡಿಹಾಕಿದ್ವಿ. ಹತ್ತೊಂಬತ್ತು ದಿನ. ಒದ್ದಾಡಿದ, ಬಾಗಿಲು ಬಡಿದ, ನನ್ನ ಹೆಸರು ಹಿಡಿದು ಬೈದ. ತೆಗೀಲಿಲ್ಲ. ಇಪ್ಪತ್ತನೇ ದಿನ ಸ್ನಾನ ಮಾಡಿದ, ಗಡ್ಡ ತೆಗೆದ, ಮೂರು ಸಲ ಬಡಿಸಿಕೊಂಡು ಉಂಡ. ಬಿಟ್ಟ ನನ್ನ ಮಗ ಅಂತ ಬೀದಿ ತುಂಬ ಹೇಳ್ಕೊಂಡು ಬಂದೆ. ಆಮೇಲೆ ನಾಲ್ಕನೇ ದಿನ, ಸ್ನೇಹಿತ ಕರೆದ ಅಂತ ಹೋದ. ಮೊದಲು ತಗೊಳ್ತಿದ್ದಷ್ಟೇ ತಗೊಂಡಿದ್ದಾನೆ, ಒಂದು ಚೂರೂ ಜಾಸ್ತಿ ಅಲ್ಲ. ಮೈಗೆ ಅಭ್ಯಾಸ ಹೋಗಿತ್ತು, ತಡೀಲಿಲ್ಲ. ನಾನು ಹೋಗಿ ನೋಡಿದಾಗ ತುಟಿ ನೀಲಿ. ಬಿಡದೇ ಇದ್ದು ಸತ್ತಿದ್ದಲ್ಲ ಕಣೇ, ನಾನು ಬಿಡಿಸಿ ಸತ್ತಿದ್ದು."

ಇಸ್ತ್ರಿಪೆಟ್ಟಿಗೆ ಟಿಕ್ ಟಿಕ್ ಎಂದು ಆರುವ ಸದ್ದು ಕೇಳುತ್ತಿತ್ತು. ಇಸ್ತ್ರಿಯಮ್ಮ ಮೇಜಿನ ಮೇಲಿದ್ದ ಶರ್ಟನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಬಾಗಿಲಲ್ಲಿ ನಿಂತು ಅಪಶಕುನ ಆಡ್ಬೇಡ, ಹೋಗು," ಎಂದಳು ಕೊನೆಗೆ.

ಆಯಾ ಹೋದಳು. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಗಾಜಿನವನು ಬೂಟು ಬಿಚ್ಚುತ್ತಿದ್ದ.

ಸೋಮವಾರ ಎಂಟಕ್ಕೆ ಇಬ್ಬರೂ ಬಂದರು. ಇಸ್ತ್ರಿಯಮ್ಮ ಡಬ್ಬಿಯನ್ನೂ, ಕಾಗದದಲ್ಲಿ ಸುತ್ತಿಟ್ಟ ಉಳಿಕೆ ಮಾತ್ರೆ, ಹೋಳುಗಳನ್ನೂ ಡಾಕ್ಟರ ಮೇಜಿನ ಮೇಲೆ ಸುರಿದಳು. "ಬೈಯೋದಿದ್ರೆ ನನಗೆ ಬೈರಿ, ಅವನಿಗಲ್ಲ." ಡಾಕ್ಟರು ಯಾರಿಗೂ ಬೈಯಲಿಲ್ಲ. ಸುಮಾರು ಮನೆಗಳಲ್ಲಿ ಹೀಗಾಗುತ್ತದೆ, ಮಾತ್ರೆ ಕಡಿಮೆಯಾದರೆ ಹಳೆಯ ಆಸೆ ಎದ್ದು ಬರುತ್ತದೆ, ಅದು ಅವನ ತಪ್ಪಲ್ಲ, ಎಂದರು. ಮತ್ತೆ ಎರಡು ಮಾತ್ರೆ. ಕೆಲವು ದಿನ ಇಲ್ಲೇ ಬಂದು ತಗೊಳ್ಳಲಿ, ಆಮೇಲೆ ಡಬ್ಬಿ ಮನೆಗೆ ಕೊಡೋಣ.

"ಬೇಡ," ಎಂದ ಗಾಜಿನವನು. "ಡಬ್ಬಿ ಅಮ್ಮನ ಕೈಗೆ ಬೇಡ. ಕೆಲಸಕ್ಕೆ ಹೋಗೋ ಮುಂಚೆ ದಿನಾ ಇಲ್ಲೇ ಬರ್ತೀನಿ. ಆಯಮ್ಮನ ಹತ್ರ ಕೂರ್ತೀನಿ."

ಅವನು ಗಟ್ಟಿಯಾಗಿ ಹೇಳಲಿಲ್ಲ. ಇಸ್ತ್ರಿಯಮ್ಮ ಮಾತ್ರ ಕಪಾಳಕ್ಕೆ ಏಟು ಬಿದ್ದವಳಂತೆ ಕೂತಳು.

ಅಲ್ಲಿಂದ ಕೆಂಡ ಮಡಿಲು ಬದಲಿಸಿತು. ಇಸ್ತ್ರಿಯಮ್ಮ ದಿನವೂ ಬರುತ್ತಿದ್ದಳು, ಮಗನ ಹಿಂದೆ ಇಪ್ಪತ್ತು ಹೆಜ್ಜೆ ಬಿಟ್ಟು. ಎರಡನೆಯ ದಿನ ಒಳಗೆ ಕಾಲಿಡಲು ಬಂದಾಗ ಆಯಾ ಬಾಗಿಲಿಗೆ ಅಡ್ಡ ಬಂದಳು. "ರೋಗಿಗಳಲ್ಲದವರು ಒಳಗೆ ಬರೋ ಹಾಗಿಲ್ಲ. ಹೊಸ ನಿಯಮ."

"ಮೊದಲು ನಿಲ್ತಿದ್ನಲ್ಲ?"

"ಅದು ಮೊದಲು."

ಅಂಥ ನಿಯಮ ಯಾವ ಫಲಕದಲ್ಲೂ ಇರಲಿಲ್ಲ. ಡಾಕ್ಟರಿಗೂ ಸಿಸ್ಟರಿಗೂ ಅದು ಗೊತ್ತೇ ಇರಲಿಲ್ಲ. ಆಯಾಳ ಬಾಯಲ್ಲಿ ಅದು ಹುಟ್ಟಿತು, ಅಷ್ಟೇ. ಇಸ್ತ್ರಿಯಮ್ಮ ಹೊರಗಿನ ಬೆಂಚಿನ ಮೇಲೆ ಕೂತು ಗಾಜಿನ ಬಾಗಿಲಿನಿಂದ ಒಳಗೆ ನೋಡುವಳು. "ಹೆತ್ತವಳು ಹೊರಗೆ, ಗುಡಿಸೋಳು ಒಳಗೆ," ಎಂದು ಹೋಗುವವರು ಬರುವವರಿಗೆಲ್ಲ ಕೇಳುವ ಹಾಗೆ ಹೇಳುವಳು. ಆಯಾಳಿಗೆ ಒಳಗೊಳಗೇ ಬೆಲ್ಲ ಮೆದ್ದಂತಾಗುತ್ತಿತ್ತು. ಗಾಜಿನವನು ಪಕ್ಕದಲ್ಲಿ ಕೂತು ಕಣ್ಣು ಮುಚ್ಚುವನು. ಅವನ ಅಂಗಿಯಲ್ಲಿ ಇಸ್ತ್ರಿಯ ಬಿಸಿ ಇನ್ನೂ ಆರಿರುತ್ತಿರಲಿಲ್ಲ. ಕರಗಿದ ಮೇಲೆ ತಾನಾಗಿ ನಾಲಗೆ ಎತ್ತುವನು, ಬಾಯಿ ಮುಕ್ಕಳಿಸುವನು, "ಬರ್ತೀನಿ ಆಯಮ್ಮ" ಎನ್ನುವನು. ಹಲ್ಲಿಗೆ ಕೇಡಾಗಬಾರದೆಂದು ಒಂದು ಗಂಟೆ ಬಿಟ್ಟು ಹಲ್ಲುಜ್ಜು ಎಂದು ಇವಳು ದಿನವೂ ನೆನಪಿಸುವಳು. ತಾಯಿ ಹೇಳುವ ಮಾತನ್ನು ತಾನು ಹೇಳುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಹೊರಗೆ ಕೂತವಳಿಗೆ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದಳು.

ಹೀಗೆ ಏಳು ತಿಂಗಳು ನಡೆಯಿತು. ಗಾಜಿನವನು ಒಂದು ದಿನವೂ ತಪ್ಪಿಸಲಿಲ್ಲ.

ಇಸ್ತ್ರಿಯಮ್ಮ ತೀರಿಕೊಂಡದ್ದು ಒಂದು ಶನಿವಾರ ಮಧ್ಯಾಹ್ನ. ಎದೆ ಹಿಡಿದುಕೊಂಡಿತು ಎಂದು ಬಟ್ಟೆಗಂಟಿನ ಮೇಲೆ ಒರಗಿದವಳು ಏಳಲಿಲ್ಲ. ಪೆಟ್ಟಿಗೆಯ ಕಾವು ಇಳಿಸಿ, ನಿಲ್ಲಿಸಿಯೇ ಒರಗಿದ್ದಳಂತೆ. ಮೇಜಿನ ಮೇಲಿನ ಬಟ್ಟೆಗೆ ಕಲೆಯಾಗಿರಲಿಲ್ಲ. ಭಾನುವಾರ ಎಂಟಕ್ಕೆ ಗಾಜಿನವನು ಬಂದ. ಕಣ್ಣು ಊದಿತ್ತು, ಅಂಗಿ ಸುಕ್ಕಾಗಿತ್ತು. ಇಂಥ ದಿನವೇ ಜನ ಹಳೆಯ ದಾರಿಗೆ ಬೀಳುವುದೆಂದು ಆಯಾಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬಾಯಿ ಒದ್ದೆ ಮಾಡಿಕೊಂಡು ಕೂತ. ಮುಳ್ಳು ಎರಡು ಅಂಕಿ ದಾಟಿತು. ನಾಲಗೆ ಎತ್ತಿದ.

ಹೊರಗಿನ ಬೆಂಚು ಖಾಲಿ ಇತ್ತು. ಮಗ ಬದುಕಿರುವಾಗಲೇ, ಮಗನ ಕಣ್ಣೆದುರಿಗೇ ತಾಯಿ ಹೋಗಿದ್ದಳು. ಕ್ರಮ ತಪ್ಪಿರಲಿಲ್ಲ. ಅದಕ್ಕೂ ಆಯಾಳ ಹೊಟ್ಟೆ ಉರಿಯಿತು, ಉರಿಯುತ್ತಲೇ ಅಳು ಬಂತು.

ತೀರಿಕೊಳ್ಳುವ ಎರಡು ದಿನ ಮೊದಲು, ಗುರುವಾರ, ಮಗ ಕೆಲಸಕ್ಕೆ ಹೋದ ಮೇಲೂ ಇಸ್ತ್ರಿಯಮ್ಮ ಬೆಂಚು ಬಿಟ್ಟು ಎದ್ದಿರಲಿಲ್ಲ. ಆಯಾ ಹೊರಗೆ ಬಂದು ಗಾಜಿನ ಬಾಗಿಲು ಒರೆಸತೊಡಗಿದಳು. ಆ ದಿನ ಇಸ್ತ್ರಿಯಮ್ಮ ಬೈಯಲಿಲ್ಲ, ಯಾರ ಕಾಲರಿನ ಮಾತೂ ಆಡಲಿಲ್ಲ. ಅವಳು ಕೇಳಿದ ಆ ಕೊನೆಯ ಮಾತಿಗೆ ಆಯಾ ಕೈಯನ್ನೂ ನಿಲ್ಲಿಸದೆ, "ಸೋಮವಾರ ನೋಡೋಣ," ಎಂದುಬಿಟ್ಟಿದ್ದಳು.

"ಅಕ್ಕಾ," ಎಂದಿದ್ದಳು ಇಸ್ತ್ರಿಯಮ್ಮ, ಎಂದೂ ಹಾಗೆ ಕರೆಯದವಳು, "ಆ ಹತ್ತು ನಿಮಿಷ ನಾನೂ ಅವನ ಇನ್ನೊಂದು ಪಕ್ಕ ಕೂತ್ಕೊಳ್ಲಾ? ಬಾಯಿ ಬಿಡಲ್ಲ."